ಹನ್ನೊಂದು ಗಂಟೆ ಎಂದು ಬರೆದಿತ್ತು

ನಮ್ಮ ಮನೆಯಲ್ಲಿ ತಿರುಗಾಟದ ಪ್ಲಾನು ಹಾಕುವವನು ನಾನು, ಬರೆದಿಡುವವಳು ನನ್ನ ತಂಗಿ. ಯಾವ ಭಾನುವಾರ ಎಲ್ಲಿಗೆ ಹೋಗುವುದು, ಎಷ್ಟು ಗಂಟೆಯ ಲೋಕಲ್ ಹಿಡಿಯುವುದು, ಯಾವ ಸ್ಟೇಷನ್ನಿನಲ್ಲಿ ಯಾವ ಬದಿಗೆ ಇಳಿಯುವುದು, ರೊಟ್ಟಿಯ ಗಂಟು ಎಲ್ಲಿ ಬಿಚ್ಚುವುದು, ಕುಡಿಯುವ ನೀರು ಎಲ್ಲಿ ಸಿಗುತ್ತದೆ, ಎಲ್ಲವನ್ನೂ ನಾನು ಹೇಳುತ್ತ ಹೋಗುತ್ತಿದ್ದೆ. ಅವಳು ನೆಲದ ಮೇಲೆ ಬೋರಲು ಮಲಗಿ ಶಾಲೆಯ ಹಳೆಯ ನೋಟುಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆದುಕೊಳ್ಳುತ್ತಿದ್ದಳು. ನಾನು ಊರಲ್ಲಿ ಓದಿದ್ದು ಮೂರನೆಯ ಇಯತ್ತೆ. ಅಕ್ಷರಕ್ಕೆ ಅಕ್ಷರ ಹಚ್ಚಿ ಓದಬಲ್ಲೆ. ಬರೆಯುವುದು ಆಗ ಇನ್ನೂ ಕಷ್ಟವಿತ್ತು. ಈಗ ಇದನ್ನು ಬರೆಯಲಿಕ್ಕೂ ಬಹಳ ದಿನ ಹಿಡಿದಿದೆ, ಆದರೆ ಅದಕ್ಕೆ ಅಕ್ಷರವನ್ನು ದೂರಿ ಪ್ರಯೋಜನವಿಲ್ಲ.

ನಾವು ಇದ್ದದ್ದು ದಾದರಿನ ಒಂದು ಚಾಳಿನಲ್ಲಿ, ಎರಡನೆಯ ಮಾಳಿಗೆಯ ಒಂದೇ ಖೋಲಿ. ಅಪ್ಪ ಬಟ್ಟೆ ಗಿರಣಿಗೆ ಹೋಗುತ್ತಿದ್ದ. ನಾನು ಫೋರ್ಟಿನ ಒಂದು ಆಫೀಸಿನಲ್ಲಿ ಪ್ಯೂನ್. ತಂಗಿ ನನಗಿಂತ ಐದು ವರ್ಷ ಚಿಕ್ಕವಳು, ಕನ್ನಡ ಶಾಲೆಯಲ್ಲಿ ಒಂಬತ್ತನೆಯ ಇಯತ್ತೆ. ಅಪ್ಪ ಅವ್ವ ಇಬ್ಬರಿಗೂ ಓದು ಬರಹ ಇರಲಿಲ್ಲ.

ಆಫೀಸಿನಲ್ಲಿ ಸೋಮವಾರ ಸಾಹೇಬರು ಚಹಾ ಕುಡಿಯುತ್ತ, ಹಿಂದಿನ ದಿನ ಮಕ್ಕಳನ್ನು ಎಲ್ಲಿಗೆ ಕರೆದೊಯ್ದಿದ್ದರು ಎಂದು ಮಾತಾಡಿಕೊಳ್ಳುತ್ತಿದ್ದರು. ಆಗ ನಾನು ಕಪ್ಪು ಎತ್ತುವುದನ್ನು ಬೇಕೆಂದೇ ತಡ ಮಾಡುತ್ತಿದ್ದೆ. ರಾಣಿ ಬಾಗಿನ ಆನೆ ಸವಾರಿ, ಮಲಬಾರ್ ಗುಡ್ಡದ ಮೇಲೆ ಬೂಟಿನ ಆಕಾರದ ಮನೆ, ಚೌಪಾಟಿ ದಂಡೆಯ ಮೀನಿನ ಮನೆ, ಜುಹೂದ ಒಂಟೆ, ಎಲ್ಲವೂ ನಮ್ಮ ಖೋಲಿಗೆ ಬಂದದ್ದು ಹಾಗೆ. ಒಮ್ಮೆ ಮಾತ್ರ ಹಬ್ಬದ ರಜೆಯೆಂದು ಒಂದು ಬುಧವಾರ, ಬಾಗಿಗೂ ಅಂದೇ ವಾರದ ರಜೆ ಎಂದು ತಿಳಿಯದೆ ಎಲ್ಲರನ್ನೂ ಹೊರಡಿಸಿ, ರಾಣಿ ಬಾಗಿನ ಮುಚ್ಚಿದ ಗೇಟಿನ ಮುಂದೆ ಕೂತು ರೊಟ್ಟಿ ತಿಂದು ಬಂದೆವು. ಚಾಳಿನವರಿಗೆ ಅಷ್ಟೇ ಸಾಕಾಯಿತು. "ಏನೋ, ಈ ಸಲ ಯಾವ ಗೇಟು ತೋರಸಾಕ ಹೊಂಟಿ?" ಎಂದು ತಿಂಗಳುಗಟ್ಟಲೆ ಕಾಡಿದರು. ಆಮೇಲೆ ತಂಗಿ ನಾನು ಹೇಳಿದ್ದನ್ನು ಸುಮ್ಮನೆ ಬರೆಯುತ್ತಿರಲಿಲ್ಲ. ಯಾರನ್ನಾದರೂ ಕೇಳಿ ಖಾತ್ರಿ ಮಾಡಿಕೊಂಡು ಬರೆಯುತ್ತಿದ್ದಳು. ಅದು ನನಗೆ ಸೇರುತ್ತಿರಲಿಲ್ಲ. ಸೇರುವುದಿಲ್ಲ ಎಂದು ಬಾಯಿಬಿಟ್ಟು ಹೇಳಲೂ ಆಗುತ್ತಿರಲಿಲ್ಲ.

ಎಪ್ಪತ್ತರ ಆಚೀಚೆಯ ಒಂದು ದೀಪಾವಳಿಗೆ ಅಪ್ಪನ ಅಕ್ಕ ಬಿಜಾಪುರದ ಕಡೆಯ ನಮ್ಮೂರಿನಿಂದ ಬಂದಳು. ತಾಯಿಯಿಲ್ಲದ ಅಪ್ಪನನ್ನು ಎತ್ತಿ ಬೆಳೆಸಿದವಳು ಅವಳೇ. ಅಪ್ಪ ಅವಳ ಎದುರು ಚಾಪೆಯ ಮೇಲೂ ಕೂರುತ್ತಿರಲಿಲ್ಲ, ನೆಲದ ಮೇಲೆ ಕೂರುತ್ತಿದ್ದ. ಬಂದ ದಿನವೇ ಅವಳು ಮಾತು ತೆಗೆದಳು.

"ತಮ್ಮಾ, ನಾ ಹಬ್ಬ ಮಾಡಾಕ ಬಂದಿಲ್ಲ. ನನ್ನ ಹಕ್ಕು ಕೇಳಾಕ ಬಂದೀನಿ. ಹುಡುಗೀನ ನನ್ನ ಮಗಗ ಕೊಡು. ಸಾಲಿ ಸಾಕು. ಈ ಊರಾಗ ಹೆಣ್ಣಮಕ್ಕಳನ್ನ ಇಟ್ಟಕೊಂಡು ಕೂಡೂದು ಛಲೋ ಅಲ್ಲ."

ತಮ್ಮನ ಮಗಳನ್ನು ತನ್ನ ಮಗನಿಗೆ ತಂದುಕೊಳ್ಳುವುದು ನಮ್ಮ ಕಡೆ ಅಕ್ಕನಾದವಳ ಹಕ್ಕು. ಕೊಡುವುದಿಲ್ಲ ಎನ್ನುವ ಮಾತು ಅಪ್ಪನ ಬಾಯಲ್ಲಿ ಬರುವಂಥದ್ದಲ್ಲ. ಆದರೆ ಮಗಳು ಮ್ಯಾಟ್ರಿಕ್ ಆಗಬೇಕೆಂಬ ಆಸೆಯೂ ಅವನಿಗಿತ್ತು. ನಲ್ಲಿಯ ಹತ್ತಿರ ಅವನು ಅವ್ವನಿಗೆ ಹೇಳಿದ್ದನ್ನು ನಾನು ಕೇಳಿಸಿಕೊಂಡೆ. "ಅಕ್ಕ ಮಂಗಳವಾರ ಹೊಂಡ್ತಾಳ. ಖುಷೀಲೆ ಇದ್ರ ನಾ ಕೇಳ್ತೀನಿ, ಎರಡು ವರ್ಷ ತಡಿ ಅಂತ. ಅಕಿ ಮನಸ್ಸು ಕೆಟ್ರ ನನ್ನ ಬಾಯಿ ಏಳೂದಿಲ್ಲ."

ತಂಗಿಗೂ ಇದು ಗೊತ್ತಿತ್ತು. ಮಂಗಳವಾರಕ್ಕೆ ಮೊದಲು ಇದ್ದದ್ದು ಒಂದೇ ಭಾನುವಾರ. ಅತ್ತೆಗೆ ಊರು ತೋರಿಸಬೇಕು, ಅವಳು ನಗಬೇಕು. ಈ ಊರಲ್ಲಿ ಹುಡುಗಿ ಕೆಡುವುದಿಲ್ಲ, ಜಾಣೆಯಾಗುತ್ತಾಳೆ ಎಂಬುದು ಅವಳ ಕಣ್ಣಿಗೇ ಬೀಳಬೇಕು. ಅಂಥ ದಿನವೊಂದನ್ನು ಮಾಡಿಕೊಡು ಎಂದು ತಂಗಿ ನನ್ನನ್ನು ಕೇಳಿದಳು. ನೋಟುಪುಸ್ತಕ ತೆರೆದು ಪೆನ್ಸಿಲಿನ ಮೊನೆ ಮಾಡಿಕೊಂಡು ಕೂತಳು. ಅವಳು ನನ್ನಿಂದ ಏನನ್ನಾದರೂ ಕೇಳಿದ್ದು ಅದೇ ಮೊದಲು.

ಆ ರಜೆಯಲ್ಲಿ ಬಾಂದ್ರಾದ ಒಂದು ಬಯಲಿಗೆ ಜಾಯಿಂಟ್ ವ್ಹೀಲು, ಮರದ ಕುದುರೆಗಳ ತಿರುಗಣಿ, ಮೋಟಾರ್ ಸೈಕಲ್ ಓಡಿಸುವ ಸಾವಿನ ಬಾವಿ, ಎಲ್ಲ ಬಂದಿದ್ದವು. ಆದರೆ ಅವು ಶುರುವಾಗುವುದು ಮಧ್ಯಾಹ್ನದ ಮೇಲೆ. ಅತ್ತೆ ಸಮುದ್ರವನ್ನು ಕಂಡವಳಲ್ಲ. ಹಾಗಾಗಿ ಬೆಳಗ್ಗೆ ಬಾಂದ್ರಾದ ಸಮುದ್ರ, ಮಧ್ಯಾಹ್ನ ಜಾಯಿಂಟ್ ವ್ಹೀಲು ಎಂದು ನಾನು ಹೇಳಿದೆ. ಅಲ್ಲಿ ದಂಡೆಯಿಂದ ಕರಿ ಕಲ್ಲುಗಳ ಮೇಲೆ ನಡೆಯುತ್ತ ಸಮುದ್ರದ ಒಳಗೇ ಹೋಗಿಬಿಡಬಹುದು. ಆಫೀಸಿನ ಗೆಳೆಯರೊಂದಿಗೆ ಎರಡು ಸಲ ಹೋಗಿದ್ದೆ.

ಮರುದಿನ ತಂಗಿ ಬಂದು, "ಅಣ್ಣಾ, ಕಲ್ಲಿನ ಮ್ಯಾಲ ಹನ್ನೊಂದರ ತನಕ ಅಷ್ಟ ಇರಬೇಕು," ಎಂದಳು.

ಚಾಳಿಗೆ ಮೀನು ಮಾರಲು ಬರುತ್ತಿದ್ದ ಮಾವಶಿಯನ್ನು ಕೇಳಿದ್ದಳು. ನಾವು ಮೀನು ತಿನ್ನುವವರಲ್ಲ, ಆದರೂ ತಂಗಿಗೆ ಅವಳ ಜೊತೆ ಮರಾಠಿಯಲ್ಲಿ ಹರಟುವುದೆಂದರೆ ಇಷ್ಟ. ಮಾವಶಿ ಹೇಳಿಕೊಟ್ಟ ಲೆಕ್ಕ ಹೀಗಿತ್ತು: ಅಮಾವಾಸ್ಯೆಯಿಂದ ತಿಥಿ ಎಣಿಸಬೇಕು, ಅದರ ಮುಕ್ಕಾಲು ತೆಗೆಯಬೇಕು, ಅಷ್ಟು ಗಂಟೆಗೆ ಸಮುದ್ರ ತುಂಬುತ್ತದೆ. ಭಾನುವಾರ ಚೌತಿ. ನಾಲ್ಕರ ಮುಕ್ಕಾಲು ಮೂರು. ಮಧ್ಯಾಹ್ನ ಮೂರಕ್ಕೆ ತುಂಬುವ ನೀರು ಬೆಳಗ್ಗೆ ಒಂಬತ್ತರಿಂದಲೇ ಏರತೊಡಗುತ್ತದೆ. ಎರಡು ತಾಸಾದ ಮೇಲೆ ಕಲ್ಲಿನ ಮೇಲೆ ಯಾರೂ ನಿಲ್ಲಬಾರದು.

ನಮ್ಮ ಕಡೆ ನೀರೆಂದರೆ ಬಾವಿ, ಹಳ್ಳ, ಹೊಳೆ. ಹಳ್ಳ ಏರಿತೆಂದರೆ ಎಲ್ಲೋ ಮೇಲೆ ಮಳೆಯಾಗಿದೆ ಎಂದು ಅರ್ಥ. ಬಿಸಿಲು ಬಿದ್ದಿರುವಾಗ, ಗಾಳಿಯೂ ಇಲ್ಲದಿರುವಾಗ ನೀರು ತಾನಾಗಿ ಏರುತ್ತದೆ, ಅದಕ್ಕೊಂದು ಗಂಟೆಯ ಲೆಕ್ಕವಿದೆ ಎಂಬುದು ನನ್ನ ತಲೆಗೆ ಹತ್ತಲೇ ಇಲ್ಲ. ಸಮುದ್ರ ಒಮ್ಮೆ ಹತ್ತಿರ ಒಮ್ಮೆ ದೂರ ಇರುವುದನ್ನು ನೋಡಿದ್ದೆ, ಅದು ಹಾಗೇ ಇರುತ್ತದೆ ಅಂದುಕೊಂಡಿದ್ದೆ.

"ಮಳಿ ಇಲ್ಲ ಏನಿಲ್ಲ, ನೀರು ಎಲ್ಲಿಂದ ಬರ್ತೈತಿ?" ಎಂದೆ.

"ಸಮುದ್ರದಿಂದ," ಎಂದಳು.

"ಸಾಕ್ರೀ ಬಾಯಾರ, ಪಾಠ ಸಾಕು."

"ನಾ ಅಂತೂ ಬರೀತೀನಿ. ಹನ್ನೊಂದಕ್ಕ ಕಲ್ಲು ಬಿಡಬೇಕು ಅಂತ."

"ಬರಿ. ಕೈ ನಿಂದು, ಪೆನ್ಸಿಲ್ ನಿಂದು."

ಅವಳು ಬರೆದಳು. ಬರೆದದ್ದರ ಕೆಳಗೆ ಗೆರೆಯನ್ನೂ ಎಳೆದಳು.

ಭಾನುವಾರ ಅಪ್ಪನಿಗೆ ಗಿರಣಿಯಲ್ಲಿ ಯಂತ್ರ ಬಿಚ್ಚಿ ತೊಳೆಯುವ ಕೆಲಸವಿತ್ತು, ಬರಲಿಲ್ಲ. ಅತ್ತೆ, ಅವ್ವ, ತಂಗಿ, ನಾನು, ನಾಲ್ಕೇ ಜನ ಹೊರಟೆವು. ದಾದರಿನಲ್ಲಿ ಲೋಕಲ್ ಹತ್ತುವಾಗ ಅತ್ತೆ ಹೆದರಿ ಹಿಂದೆ ಸರಿದಳು. ತಂಗಿ ಅವಳ ಸೊಂಟಕ್ಕೆ ಕೈ ಹಾಕಿ ಹೆಂಗಸರ ಡಬ್ಬಿಗೆ ಏರಿಸಿದಳು, ಕಿಟಕಿಯ ಹತ್ತಿರ ಜಾಗ ಮಾಡಿ ಕೂರಿಸಿದಳು. ಇದೆಲ್ಲ ಆಮೇಲೆ ಅತ್ತೆಯೇ ಹೇಳಿದ್ದು. ಬಾಂದ್ರಾದಲ್ಲಿ ಇಳಿದಾಗ ಅವಳ ಮುಖ ಅರಳಿತ್ತು.

"ಏನಳಿಯಾ, ನಿಮ್ಮ ಗಾಡಿ ನಿಂದ್ರೂದರೊಳಗ ಹೊಂಟ ಬಿಡ್ತೈತಿ. ಅದಕ್ಯಾರ ಮದವಿ ಅವಸರೋ?"

ನಾನು ಜೋರಾಗಿ ನಕ್ಕೆ. ಮದುವೆಯ ಮಾತನ್ನು ನಗುತ್ತ ಆಡಿದ್ದಾಳೆ, ಇದು ಒಳ್ಳೆಯ ಶಕುನ ಎಂದು ತಂಗಿಯ ಕಡೆ ನೋಡಿದೆ. ಅವಳೂ ನನ್ನ ಕಡೆ ನೋಡಿದಳು. ಆ ಹೊತ್ತಿನಲ್ಲಿ ನಾವಿಬ್ಬರೂ ಒಂದೇ ಪಕ್ಷದವರಾಗಿದ್ದೆವು.

ಸಮುದ್ರದ ದಂಡೆ ಮುಟ್ಟಿದಾಗ ಒಂಬತ್ತೂವರೆ. ನೀರು ದೂರ ಸರಿದು ಕರಿ ಕಲ್ಲಿನ ಬಯಲು ಬಿಚ್ಚಿಕೊಂಡಿತ್ತು. ಅವ್ವ ಮೊಣಕಾಲು ನೋವೆಂದು ದಂಡೆಯ ಗೋಡೆಯ ಮೇಲೆ ರೊಟ್ಟಿಯ ಗಂಟು ಇಟ್ಟುಕೊಂಡು ಅಲ್ಲೇ ಕೂತಳು. ನಾವು ಮೂವರು ಒಳಗೆ ಹೋದೆವು. ಮಧ್ಯದಲ್ಲಿ ಒಂದು ತಗ್ಗು ಸಾಲು ಇತ್ತು. ಪಾದ ಮುಳುಗುವಷ್ಟು ನೀರು. ದಾಟಿ ಆಚೆಯ ಎತ್ತರದ ಕಲ್ಲುಗಳ ಮೇಲೆ ಹೋಗಿ ಕೂತೆವು.

ಅತ್ತೆ ಕೂಸಿನಂತಾದಳು. ಇಳಕಲ್ ಸೀರೆಯ ಕಚ್ಚೆ ಮೇಲೆತ್ತಿ ಕಲ್ಲಿನ ಗುಂಡಿಯಲ್ಲಿ ಕಾಲು ಇಳಿಬಿಟ್ಟಳು. ಸಣ್ಣ ಏಡಿಗಳು ಓಡುವುದನ್ನು ನೋಡಿ ಚೀರಿದಳು, ಮತ್ತೆ ಅವನ್ನೇ ಹುಡುಕಿದಳು.

"ಇಷ್ಟು ನೀರು ಐತಿ, ಒಬ್ಬರೂ ಪೈರು ಮಾಡಿಲ್ಲಲ್ಲೋ!"

"ಉಪ್ಪು ನೀರು, ಅತ್ತಿ," ಎಂದಳು ತಂಗಿ.

ಬೆರಳು ಅದ್ದಿ ನೆಕ್ಕಿ ನೋಡಿದ ಅತ್ತೆ ಮುಖ ಕಿವುಚಿದಳು. "ಅಯ್ಯ ದೇವರ, ಕೊಟ್ಟೂ ಕೊಡಲಿಲ್ಲ ನೋಡು!"

ತಂಗಿ ಸ್ವಲ್ಪ ದೂರ ಹೋಗಿ ನಿಂತಾಗ ನಾನು ಮಾತು ತೆಗೆದೆ. ಮ್ಯಾಟ್ರಿಕ್ ಆದ ಸೊಸೆ ಊರಲ್ಲಿ ಯಾರ ಮನೆಯಲ್ಲಿದ್ದಾಳೆ, ನಿಮ್ಮ ಮನೆಗೆ ಬಂದರೆ ನಿಮ್ಮದೇ ಹೆಸರಲ್ಲವೇ ಅತ್ತಿ, ಅಂದೆ. ಅತ್ತೆ, ತನ್ನ ಮಗ ಕಾಗದಕ್ಕೆ ಹೆಬ್ಬೆಟ್ಟು ಒತ್ತುವವನು ಎಂದಳು. ಓದಿದ ಹುಡುಗಿ ಅವನನ್ನು ಕಡೆಗಣ್ಣಿನಿಂದ ನೋಡಿದರೆ ಏನು ಮಾಡಲಿ ಎಂದಳು. ಇವಳು ಹಾಗೆ ನೋಡುವವಳಲ್ಲ ಎಂದೆ. ಅತ್ತೆ ತಂಗಿಯನ್ನೇ ನೋಡುತ್ತಿದ್ದಳು.

"ಇವತ್ತು ಗಾಡ್ಯಾಗ ನನ್ನ ಎಷ್ಟು ಜ್ವಾಕಿ ಮಾಡಿದ್ಲು ಅಂತಿ," ಎಂದು ತಡೆದು, "ಎರಡು ವರ್ಷ ಅಂದ್ರ..." ಎಂದಳು.

ಆಗ ತಂಗಿ ಬಂದು ನನ್ನ ಕಿವಿಯ ಹತ್ತಿರ, "ಅಣ್ಣಾ, ಹನ್ನೊಂದಾಗಿರಬೇಕು," ಎಂದಳು.

ಗಡಿಯಾರ ಇದ್ದದ್ದು ನನ್ನ ಕೈಯಲ್ಲಿ. ನೋಡಿದೆ. ಹನ್ನೊಂದು ಆಗಿ ಐದು ನಿಮಿಷ.

"ಆಗಿಲ್ಲ. ಆ ಕಡೆ ಹೋಗಿ ನಿಂದ್ರು," ಎಂದೆ.

ಅವಳಿಗಾಗಿಯೇ ತಡ ಮಾಡಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅತ್ತೆಯ ಬಾಯಿಂದ ಮಾತು ಹೊರಡುವುದರಲ್ಲಿತ್ತು, ಅದನ್ನು ಕೆಡಿಸಬಾರದಿತ್ತು. ಇದು ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ. ಅತ್ತೆಯ ಎದುರು, ಆಫೀಸಿನಲ್ಲಿ ದುಡಿಯುವ ಅಳಿಯ ಎಂದು ಅವಳು ಹೊಗಳುತ್ತಿದ್ದ ದಿನ, ಲಂಗದ ಹುಡುಗಿ ಬಂದು ಏಳು ಎಂದರೆ ಏಳುವುದು ನನಗೆ ಬೇಕಿರಲಿಲ್ಲ.

ಹನ್ನೊಂದು ನಲವತ್ತಕ್ಕೆ ಅವಳು ಮತ್ತೆ ಬಂದಳು. ಈ ಸಲ ಪಿಸುಗುಡಲಿಲ್ಲ. ದೂರದಲ್ಲಿ ಅಲೆ ಒಡೆಯುವ ಸದ್ದು ಜೋರಾಗಿತ್ತು. "ಅಣ್ಣಾ, ಹಿಂದ ನೋಡು. ತಗ್ಗಿನ್ಯಾಗ ನೀರು ಹರ್ಯಾಕ ಹತ್ತೈತಿ." ನಾನು ತಿರುಗಿಯೂ ನೋಡದೆ ಕೈ ಬೀಸಿದೆ. ಅತ್ತೆ ಆಗ ತನ್ನ ಮಗನಿಗೆ ಚಿಕ್ಕಂದಿನಲ್ಲಿ ಬಂದಿದ್ದ ಜ್ವರದ ಕತೆ ಹೇಳುತ್ತಿದ್ದಳು. ತಂಗಿ ನನ್ನ ಹಿಂದೆಯೇ ನಿಂತುಕೊಂಡಳು.

ಅತ್ತೆಯ ಗುಂಡಿಗೆ ಒಂದು ಅಲೆ ನುಗ್ಗಿ ಅವಳ ಮಡಿಲು ತೋಯಿಸಿದಾಗ ನಾವೆಲ್ಲ ಎದ್ದೆವು. ಹನ್ನೆರಡು ದಾಟಿತ್ತು. ಹಿಂದಿನ ತಗ್ಗು ಈಗ ತಗ್ಗಾಗಿರಲಿಲ್ಲ. ಹರಿಯುವ ಹಳ್ಳದಂತಾಗಿತ್ತು, ನೀರು ಎರಡೂ ಕಡೆಯಿಂದ ಬಂದು ನಡುವೆ ಸೇರಿ ಸುತ್ತುತ್ತಿತ್ತು. ದಂಡೆಯ ಗೋಡೆಯ ಮೇಲೆ ಅವ್ವ ಎದ್ದು ನಿಂತು ಎರಡೂ ಕೈ ಎತ್ತಿ ಏನೋ ಕೂಗುತ್ತಿದ್ದಳು. ಒಂದು ಶಬ್ದವೂ ಮುಟ್ಟಲಿಲ್ಲ.

"ನಾ ಆಳ ನೋಡ್ತೀನಿ," ಎಂದು ಮೊದಲು ಇಳಿದವನು ನಾನೇ. ನೀರು ತೊಡೆಗೆ ಬಂತು, ಒಂದು ಕಡೆ ಸೊಂಟ ದಾಟಿತು. ಕಲ್ಲಿಗೆ ಹತ್ತಿಕೊಂಡ ಚಿಪ್ಪುಗಳು ಪಾದ ಕೊಯ್ದವು. ಹೇಗೋ ಆಚೆಗೆ ಹತ್ತಿದೆ. ಆಳ ತಿಳಿದ ಮೇಲೆ ವಾಪಸು ಹೋಗಬೇಕಿತ್ತು. ಆಗಲಿಲ್ಲ. ಅಲ್ಲೇ ನಿಂತು, "ಈ ಕಡಿಂದ ಬರ್ರಿ, ಈ ಕಡಿಂದ," ಎಂದು ಕೂಗುತ್ತಿದ್ದೆ.

ತಂಗಿ ಅತ್ತೆಯ ಸೆರಗಿನ ಚುಂಗನ್ನು ತನ್ನ ಮುಂಗೈಗೆ ಎರಡು ಸುತ್ತು ಸುತ್ತಿಕೊಂಡಳು. ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಮೊದಲು ತಾನು ಇಳಿದಳು, ಆಮೇಲೆ ಅತ್ತೆಯನ್ನು ಇಳಿಸಿದಳು. ಹೆಜ್ಜೆಗೊಮ್ಮೆ ನಿಂತು, ಕಾಲಿನಿಂದ ಕಲ್ಲು ತಡವಿ, ಅವಳು ಹೂಂ ಎಂದಮೇಲೆ ಅತ್ತೆ ಹೆಜ್ಜೆ ಇಡಬೇಕು. ನಡುವೆ ಅತ್ತೆ ಜಾರಿದಳು. ತಲೆ ಮುಳುಗಿತು. ನನಗೆ ಕಂಡದ್ದು ನೀರಿನ ಮೇಲೆ ಹರಡಿದ ಸೀರೆ ಮತ್ತು ಬಿಗಿಯಾಗಿ ಹಿಂದಕ್ಕೆ ವಾಲಿದ ನನ್ನ ತಂಗಿ. ಅವಳ ಕುತ್ತಿಗೆಯ ನರ ಉಬ್ಬಿತ್ತು. ಅವಳು ಕೂಗಲಿಲ್ಲ. ಅತ್ತೆ ಮೇಲೆ ಬಂದು ಕೆಮ್ಮಿದಳು, ಅವಳ ಭುಜ ಹಿಡಿದಳು. ಆಮೇಲಿನ ಐದಾರು ಹೆಜ್ಜೆ ಹೇಗೆ ಬಂದರೋ. ಕೊನೆಯಲ್ಲಿ ಕೈ ಕೊಟ್ಟು ಎಳೆದುಕೊಂಡವನು ನಾನು, ಅಷ್ಟೇ.

ಅತ್ತೆಯ ಮೊಣಕಾಲ ಕೆಳಗೆ ಚಿಪ್ಪು ಉದ್ದಕ್ಕೆ ಸೀಳಿತ್ತು. ಅವಳು ಅಳಲಿಲ್ಲ, ಬೈಯಲಿಲ್ಲ. ಗೋಡೆಗೆ ಒರಗಿ ನಡುಗುತ್ತ ಕೂತಳು. ಜಾಯಿಂಟ್ ವ್ಹೀಲಿನ ಹೆಸರನ್ನು ಯಾರೂ ಎತ್ತಲಿಲ್ಲ. ಬಸ್ಸಿನಿಂದ ಅದು ಕಂಡಿತು, ಇನ್ನೂ ತಿರುಗಲು ಶುರುವಾಗಿರಲಿಲ್ಲ.

ಅಪ್ಪ ಸಂಜೆ ಐದಕ್ಕೆ ಬಂದ. ಅಕ್ಕನ ಕಾಲಿಗೆ ಸುತ್ತಿದ ಬಟ್ಟೆಯನ್ನು, ಅವ್ವನ ಮುಖವನ್ನು ನೋಡಿದ. ಎಲ್ಲ ಕೇಳಿಸಿಕೊಂಡ. ಅವನ ದನಿ ಏರಲಿಲ್ಲ, ಅದೇ ನನಗೆ ಹೆದರಿಕೆ ಹುಟ್ಟಿಸಿತು.

"ನೀರು ಬರ್ತೈತಿ ಅಂತ ಗೊತ್ತಿತ್ತೋ ಇಲ್ಲೋ?"

ನಾನು ನೆಲ ನೋಡುತ್ತಿದ್ದೆ. ತಂಗಿ ಹೇಳಿದಳು, "ಗೊತ್ತಿತ್ತು ಅಪ್ಪಾ. ಹನ್ನೊಂದಕ್ಕ ಬಿಡಬೇಕು ಅಂತ ನಾ ಬರದೀನಿ. ಅಲ್ಲೂ ಹೇಳಿದ್ನಿ."

"ಯಾರಿಗೆ ಹೇಳಿದಿ?"

ಅವಳು ನನ್ನ ಹೆಸರು ಹೇಳಲಿಲ್ಲ. ನಾನೇ ಹೇಳುತ್ತೇನೆ ಎಂದು ಕಾದಳು ಅಂತ ಕಾಣುತ್ತದೆ.

ಅತ್ತೆ ಚಾಪೆಯ ಮೇಲಿನಿಂದ, "ಹುಡುಗಿ ಏನೋ ಅಂತಿದ್ಲು ತಮ್ಮಾ. ಆ ಸದ್ದಿನಾಗ ನನಗ ತಿಳೀಲಿಲ್ಲ," ಎಂದಳು.

"ಪುಸ್ತಕ ತಾ," ಎಂದ ಅಪ್ಪ.

ತಂಗಿ ನೋಟುಪುಸ್ತಕ ತಂದು, ಆ ಹಾಳೆ ತೆರೆದು, ಗೆರೆ ಎಳೆದ ಸಾಲಿನ ಮೇಲೆ ಬೆರಳಿಟ್ಟು ಓದಲು ಬಾಯಿ ತೆರೆದಳು. ಅಪ್ಪ ಅದನ್ನು ಅವಳ ಕೈಯಿಂದ ತೆಗೆದುಕೊಂಡ. "ನೀ ಓದಿದ್ರ ನಿನಗ ಬೇಕಾದ್ದು ಓದ್ತಿ." ಸ್ವಲ್ಪ ಹೊತ್ತು ತಾನೇ ಅದನ್ನು ನೋಡಿದ, ಅಕ್ಷರ ಬರುವವನ ಹಾಗೆ. ಆಮೇಲೆ ನನ್ನ ಕಡೆ ಚಾಚಿದ. "ನೀ ಓದು."

ಆ ಖೋಲಿಯಲ್ಲಿ ಓದಬಲ್ಲವರು ನಾವಿಬ್ಬರೇ. ತಂಗಿಯ ಅಕ್ಷರ ಗುಂಡಗೆ, ಬಿಡಿಬಿಡಿಯಾಗಿ ಇರುತ್ತಿತ್ತು. ನನ್ನಂಥವನಿಗೂ ತೊಡಕಾಗುವಂಥದ್ದಲ್ಲ. "ಹನ್ನೊಂದು ಗಂಟೆಗೆ ಬಂಡೆಗಳನ್ನು ಬಿಡಬೇಕು" ಎಂದಿತ್ತು. ನಾನು ಅದನ್ನು ಮನಸ್ಸಿನಲ್ಲಿ ಒಮ್ಮೆ ಪೂರ್ತಿ ಓದಿಕೊಂಡೆ. ಅಪ್ಪ ಕಾಯುತ್ತಿದ್ದ. ತಂಗಿ ನೆಮ್ಮದಿಯಾಗಿ ನಿಂತಿದ್ದಳು. ನಾ ಓದಿದರೆ ಮುಗಿಯಿತು ಎಂಬ ನಂಬಿಕೆ ಅವಳ ಮುಖದ ಮೇಲಿತ್ತು.

"ಹನ್ನೆರಡೂವರೆ ಗಂಟೆಗೆ ಬಂಡೆಗಳನ್ನು ಬಿಡಬೇಕು," ಎಂದು ನಾನು ಓದಿದೆ.

ಪಕ್ಕದ ಖೋಲಿಯ ರೇಡಿಯೋ ಕೇಳುತ್ತಿತ್ತು. ತಂಗಿ ನನ್ನನ್ನು ನೋಡಿದಳು. ಸಿಟ್ಟಿನಿಂದಲ್ಲ. ನನಗೆ ಓದಲು ತಪ್ಪಾಯಿತೇನೋ ಎಂದು ಮೊದಲು ಅಂದುಕೊಂಡಳು. "ಅಣ್ಣಾ, ಸರಿ ನೋಡು," ಎಂದಳು ಮೆಲ್ಲಗೆ.

"ಸರಿ ನೋಡೇ ಓದೀನಿ," ಎಂದೆ.

ಅವಳಿಗೆ ಅರ್ಥವಾದದ್ದು ಆಗ. ಅಪ್ಪ ನೋಟುಪುಸ್ತಕವನ್ನು ಮಡಚಿ ಟ್ರಂಕಿನ ಮೇಲಿಟ್ಟ. "ತಪ್ಪು ಮಾಡಿದ್ದಲ್ದ ಸುಳ್ಳು ಬ್ಯಾರೆ," ಎಂದ. ಅವಳು ಮತ್ತೊಮ್ಮೆ ಬಾಯಿ ತೆರೆಯಲಿಲ್ಲ. ತೆರೆದಿದ್ದರೆ ನಾನು ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಒಪ್ಪಿಕೊಳ್ಳುತ್ತಿದ್ದೆ ಎಂದು ಹೇಳಿಕೊಳ್ಳುವ ಧೈರ್ಯ ನನಗಿಲ್ಲ.

ಅತ್ತೆ ಕೆಟ್ಟವಳಲ್ಲ. "ಬಿಡು ತಮ್ಮಾ, ಕೂಸು," ಎಂದಳು. "ತಪ್ಪು ಅಕಿದ ಇರಲಿ, ಕೈ ಹಿಡದು ದಂಡಿಗೆ ಹಚ್ಚಿದಾಕಿನೂ ಅಕಿನ. ಅಂಥಾ ಕೈ ನನ್ನ ಮನ್ಯಾಗ ಇರಲಿ. ಈಗ ಏನಂತಿ?"

ಎರಡು ವರ್ಷ ತಡಿ ಎನ್ನುವ ಮಾತು ಅಪ್ಪನ ಹತ್ತಿರ ಇತ್ತು. ಅದನ್ನು ಆಡಬೇಕೆಂದೇ ಅವನು ವಾರವಿಡೀ ಕಾದಿದ್ದ. ತಪ್ಪು ನನ್ನದೆಂದು ಗೊತ್ತಾಗಿದ್ದರೆ ನನ್ನನ್ನು ಹೊಡೆದು, ಅಕ್ಕನ ಕಾಲು ಹಿಡಿದು, ಆದರೂ ಆ ಮಾತು ಆಡುತ್ತಿದ್ದ. ಆದರೆ ತನ್ನ ಅಕ್ಕನನ್ನು ಮುಳುಗಿಸಲಿದ್ದ ಮಗಳಿಗಾಗಿ, ಮೇಲೆ ಸುಳ್ಳು ಬೇರೆ ಹೇಳಿದವಳಿಗಾಗಿ, ಅವನು ಏನೆಂದು ಕೇಳಬೇಕು?

"ನೀ ಹೇಳಿದಂಗ ಅಕ್ಕಾ," ಎಂದ.

ಮಂಗಳವಾರ ಅತ್ತೆಯ ಜೊತೆ ತಂಗಿಯೂ ಹೋದಳು. ಅವ್ವ ಅವಳ ಜೊತೆ ಹೋದಳು, ಮದುವೆ ಅಲ್ಲೇ ಆಗುವುದೆಂದು. ಗಿರಣಿಗೆ ರಜೆ ಹಾಕಲಾಗದೆಂದು ಅಪ್ಪ ಹೋಗಲಿಲ್ಲ. ಅಪ್ಪ ಆ ಎರಡು ದಿನ ಮಗಳೊಂದಿಗೆ ಒಂದು ಮಾತೂ ಆಡಿರಲಿಲ್ಲ. ಸ್ಟೇಷನ್ನಿನಲ್ಲಿ ಅವಳು ಅವನ ಕಾಲಿಗೆ ಬಿದ್ದಾಗ ತಲೆ ಮುಟ್ಟಿದ, ಮುಖ ನೋಡಲಿಲ್ಲ. ನನ್ನ ಕಾಲಿಗೂ ಬಿದ್ದಳು. ಹಿರಿಯಣ್ಣನಲ್ಲವೇ.

ನೋಟುಪುಸ್ತಕವನ್ನು ನಾನು ಒಂದು ಬೆಳಗ್ಗೆ ಟ್ರಂಕಿನ ಮೇಲಿನಿಂದ ತೆಗೆದುಕೊಂಡು ಬಾಂದ್ರಾ ಕಡೆಯ ಲೋಕಲ್ ಹತ್ತಿ, ಸಮುದ್ರದ ನೀರು ಒಳಬರುವ ಮಾಹಿಮದ ಖಾಡಿಯ ಸೇತುವೆ ಬಂದಾಗ ಬಾಗಿಲಿನಿಂದ ಎಸೆದೆ. ಅಲ್ಲಿ ಜನ ದೇವರಿಗೇರಿಸಿದ ಹೂವು ಎಸೆಯುತ್ತಾರೆ. ಪಕ್ಕದಲ್ಲಿ ನಿಂತವನು ನಾನೂ ಅದನ್ನೇ ಎಸೆದೆನೆಂದು ತಿಳಿದು ಕೈ ಮುಗಿದ.

ನಾಲ್ಕು ತಿಂಗಳ ಮೇಲೆ ಅವಳ ಪತ್ರ ಬಂತು. ಅವ್ವ ಊರಿನಿಂದ ಬಂದಾಗಿತ್ತು. ಅಪ್ಪ ಅವ್ವ ಇಬ್ಬರೂ ನನ್ನ ಎದುರು ಕೂತರು. ನಾನು ಓದಿದೆ. ಎಲ್ಲರೂ ಕ್ಷೇಮ, ಎಮ್ಮೆ ಈದಿದೆ, ಅತ್ತೆಯ ಕಾಲಿನ ಗಾಯ ಮಾಯ್ದಿದೆ. ಅದಾದ ಮೇಲೆ ಹೀಗಿತ್ತು: "ಅಪ್ಪಾ, ಪುಸ್ತಕದಲ್ಲಿ ನಾನು ಹನ್ನೊಂದು ಎಂದೇ ಬರೆದಿದ್ದೆ. ಬೇರೆ ಯಾರಿಂದಲಾದರೂ ಓದಿಸಿ ನೋಡಿರಿ. ನನ್ನನ್ನು ವಾಪಸು ಕರೆಸಿರಿ ಎಂದು ಇದನ್ನು ಬರೆಯುತ್ತಿಲ್ಲ. ಇಲ್ಲಿ ನನಗೆ ಏನೂ ಕಡಿಮೆ ಇಲ್ಲ. ನೀವು ಸಿಟ್ಟಿನಿಂದ ಕಳಿಸಿದಿರಿ, ಆ ಸಿಟ್ಟು ಬಿಡಿರಿ."

ಪತ್ರ ಯಾರ ಕೈಗೆ ಹೋಗುತ್ತದೆ, ಯಾರು ಓದುತ್ತಾರೆ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಬರೆದಿದ್ದಳು. ನನಗೆ ಇನ್ನೊಂದು ಅವಕಾಶ ಕೊಟ್ಟಂತೆ.

"ಮುಂದ?" ಎಂದ ಅಪ್ಪ.

"ಎಲ್ಲಾರಿಗೂ ನಮಸ್ಕಾರ ಅಂತ ಬರದಾಳ," ಎಂದೆ.

"ಮತ್ತೇನಿಲ್ಲ?"

"ಇಲ್ಲ."

ಅಪ್ಪ ಎದ್ದು ಗ್ಯಾಲರಿಗೆ ಹೋಗಿ ಬೀಡಿ ಹಚ್ಚಿದ. ತನಗೆಂದು ಅವಳು ಬೇರೆ ಒಂದು ಮಾತು ಬರೆದಿರಬಹುದು ಎಂದು ಅವನು ಕಾದಿದ್ದ. ಈಗ ನನಗೆ ಅದು ತಿಳಿಯುತ್ತದೆ. ಆಗಲೂ ತಿಳಿದಿತ್ತು.

ಅದಾದ ಐದು ವರ್ಷಕ್ಕೆ ಅಪ್ಪ ಹೋದ. ತಂಗಿ ಎರಡು ಮಕ್ಕಳನ್ನು ಕಟ್ಟಿಕೊಂಡು ಬಂದಳು, ಹತ್ತು ದಿನ ಇದ್ದಳು. ಆ ಪತ್ರದ ಬಗ್ಗೆ ಅವಳು ಕೇಳಲಿಲ್ಲ. ನಾನು ಹೇಳಲಿಲ್ಲ. ಒಂದು ಸಲ ಮಾತ್ರ, "ಅಪ್ಪ ಕೊನಿಗೆ ನನ್ನ ಹೆಸರು ಹೇಳಿದ್ನೇನು?" ಎಂದಳು. ಅಪ್ಪನಿಗೆ ಕೊನೆಯ ವಾರ ಮಾತು ನಿಂತಿತ್ತು. ಹಾಗೆಂದೇ ಹೇಳಿದೆ. ಅದೊಂದು ನಿಜ.

ಅವ್ವನಿಗೆ ಹೇಳಿದ್ದು ಎಪ್ಪತ್ತೆಂಟರ ಸುಮಾರಿಗೆ. ನನ್ನ ಮದುವೆಯ ಮಾತು ನಡೆದಿತ್ತು, ತಂಗಿಯನ್ನು ಕರೆಸಬೇಕೆಂದು ಅವ್ವ ಹೇಳುತ್ತಿದ್ದಳು. "ಅಕಿಗೆ ನೀ ಬೈದಿಲ್ಲ, ಅಕಿ ನಿನಗ ಬೈದಿಲ್ಲ, ಯಾಕೋ ಅಕಿ ನಿನ್ನ ಕೂಡ ಮೊದಲಿನಂಗ ಇಲ್ಲ," ಎಂದಳು. ಮಧ್ಯಾಹ್ನದ ಹೊತ್ತು. ಅವಳು ಅಕ್ಕಿ ಆರಿಸುತ್ತಿದ್ದಳು. ನನಗೆ ಇನ್ನು ತಡೆಯಲಾಗಲಿಲ್ಲ. ಗಡಿಯಾರದಿಂದ ಶುರುಮಾಡಿ ಖಾಡಿಯವರೆಗೆ ಎಲ್ಲ ಹೇಳಿದೆ. ಪತ್ರದ ಮಾತನ್ನೂ ಹೇಳಿದೆ.

ಅವ್ವನ ಕೈ ಮೊರದಲ್ಲಿ ನಿಂತಿತು. ಅವಳು ಅಳುತ್ತಾಳೆ, ಹೊಡೆಯುತ್ತಾಳೆ ಅಂದುಕೊಂಡಿದ್ದೆ.

"ಆ ಪತ್ರ ಐತೇನು?"

ಇತ್ತು. ಪುಸ್ತಕ ಎಸೆದಿದ್ದೆ, ಅದನ್ನು ಎಸೆಯಲಾಗಿರಲಿಲ್ಲ. ಆಫೀಸಿನ ಹಳೆಯ ಲಕೋಟೆಯಲ್ಲಿಟ್ಟು ಬಟ್ಟೆಗಳ ತಳದಲ್ಲಿ ಇಟ್ಟುಕೊಂಡಿದ್ದೆ. ತೆಗೆದು ತಂದೆ.

"ಓದು," ಎಂದಳು.

ಮೊದಲಿನಿಂದ ಕೊನೆಯ ತನಕ ಓದಿದೆ. ಎಮ್ಮೆ ಈದದ್ದು, ಗಾಯ ಮಾಯ್ದದ್ದು, ಹನ್ನೊಂದು ಗಂಟೆ, ಸಿಟ್ಟು ಬಿಡಿರಿ. ಒಂದು ಅಕ್ಷರವನ್ನೂ ಬಿಡಲಿಲ್ಲ. ಮುಗಿದ ಮೇಲೆ ಅವ್ವ ಕೈ ಚಾಚಿ ಪತ್ರ ಇಸಿದುಕೊಂಡಳು. ಮೊಣಕಾಲಿಗೆ ಕೈ ಊರಿ ಎದ್ದು, ಗ್ಯಾಲರಿ ಹಿಡಿದು, ನಾಲ್ಕು ಖೋಲಿ ಆಚೆ ಇದ್ದ ಧಾರವಾಡದವರ ಮನೆಗೆ ಹೋದಳು. ಅವರ ಮಗಳು ಶಾಲೆಗೆ ಹೋಗುತ್ತಿದ್ದಳು.

ನಾನು ಬಾಗಿಲಲ್ಲಿ ನಿಂತಿದ್ದೆ. ಆ ಹುಡುಗಿಗೆ ಹಿಂದಿ ಸರಾಗ, ಕನ್ನಡ ತಡವರಿಸುತ್ತಿತ್ತು. ಒಂದೊಂದೇ ಶಬ್ದ ಬಿಡಿಸಿ ಓದುವುದು ನನಗೆ ಕೇಳುತ್ತಿತ್ತು. "ಹನ್... ಹನ್ನೊಂದು," ಎಂದಳು. ಅವ್ವ, "ಇನ್ನೊಮ್ಮೆ ಓದವಾ," ಎಂದಳು. ಹುಡುಗಿ ಮತ್ತೆ ಓದಿದಳು.

ಅವ್ವ ತಿರುಗಿ ಬಂದು ಪತ್ರವನ್ನು ತನ್ನ ಸೀರೆಗಳ ನಡುವೆ ಇಟ್ಟಳು. "ಈಗ ನೀ ಓದಿದ್ದು ಖರೆ ಐತಿ," ಎಂದಳು. ಮತ್ತೆ ಮೊರ ತೆಗೆದುಕೊಂಡಳು.

ಅದೇ ವಾರ ಆ ಹುಡುಗಿಯ ಕೈಯಿಂದ ಊರಿಗೆ ಒಂದು ಪತ್ರ ಬರೆಸಿದಳು. ಅದರಲ್ಲಿ ಏನು ಹೇಳಿಸಿದಳೋ ನನಗೆ ತಿಳಿಸಲಿಲ್ಲ. ತಿಂಗಳ ಕೊನೆಗೆ ತಂಗಿಯ ಉತ್ತರ ಬಂತು. ಮೊದಲಿನ ಹಾಗೆ ಪೋಸ್ಟಮನ್ ಅದನ್ನು ನನ್ನ ಕೈಗೇ ಕೊಟ್ಟ. ಈ ಸಲ ಅದು ದಪ್ಪಗಿತ್ತು. ಅವ್ವ ಎದ್ದು ಬಂದು ಕೈ ಚಾಚಿದಳು. ನಾನು ಒಡೆಯದೆ ಕೊಟ್ಟೆ.